ಕ್ಯೂಆರ್ ಕೋಡ್ ಸ್ಕ್ಯಾನ್ ಆಗದಿದ್ದಾಗ: ದೋಷ ಎಲ್ಲಿ ಹೊಕ್ಕಿತೆಂದು ಹುಡುಕುವ ಕ್ರಮ

ಅಂಗಡಿಯವರು ಪ್ರೆಸ್ಸಿಗೆ ಬಂದು "ಸ್ಕ್ಯಾನ್ ಆಗವಲ್ದು" ಅಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಡಿಟಿಪಿಯವರು (ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರು) ಕೋಡನ್ನು ತುಸು ದೊಡ್ಡದು ಮಾಡಿ ಮತ್ತೆ ಅಚ್ಚು ಹಾಕುತ್ತಾರೆ, ಇಲ್ಲವೆ ಬೇರೊಂದು ವೆಬ್‌ಸೈಟಿಗೆ ಹೋಗಿ ಹೊಸ ಕೋಡ್ ತೆಗೆಯುತ್ತಾರೆ. ಎರಡೂ ಊಹೆಯ ಕೆಲಸ. ಕೋಡ್ ನಮ್ಮ ಕೈಗೆ ಬರುವುದು ಮೂರು ಹಂತ ದಾಟಿ: ಒಳಗೆ ತುಂಬಿದ ಮಾಹಿತಿ, ಆ ಮಾಹಿತಿಯ ಚಿತ್ರ, ಆ ಚಿತ್ರದ ಅಚ್ಚು. ದೋಷ ಯಾವ ಹಂತದಲ್ಲಿ ಹೊಕ್ಕಿತೆಂದು ಗೊತ್ತಾಗುವ ತನಕ ಅಚ್ಚಿಗೆ ಇನ್ನೊಂದು ಪ್ಲೇಟ್ ಮಾಡಿಸಬಾರದು.

ಮೊದಲು ದೂರನ್ನೇ ಬಿಡಿಸಿಕೊಳ್ಳಿ

ಕ್ಯಾಮೆರಾ ಕೋಡನ್ನು ಗುರುತಿಸುವುದೇ ಇಲ್ಲವೆ? ಕೆಲವು ಫೋನಿನಲ್ಲಿ ಓದಿ, ಕೆಲವದರಲ್ಲಿ ಒದ್ದಾಡುತ್ತದೆಯೆ? ಓದುತ್ತದೆ, ಆದರೆ ಬೇರೆ ಹೆಸರೋ ಅರ್ಥವಾಗದ ಅಕ್ಷರವೋ ಬರುತ್ತದೆಯೆ? ಅಥವಾ ಸರಿಯಾಗಿಯೇ ಓದಿ, ಪುಟ ತೆರೆಯುವುದಿಲ್ಲವೆ, ಹಣ ಹೋಗುವುದಿಲ್ಲವೆ? ಮೊದಲ ಎರಡು ಚಿತ್ರದ ಅಥವಾ ಅಚ್ಚಿನ ದೋಷ. ಮೂರನೆಯದು ಸಾಮಾನ್ಯವಾಗಿ ಮಾಹಿತಿಯ ದೋಷ. ನಾಲ್ಕನೆಯದರಲ್ಲಿ ಕೋಡ್ ತನ್ನ ಕೆಲಸ ಮುಗಿಸಿದೆ; ತೊಂದರೆ ಲಿಂಕಿನಲ್ಲಿ, ಬ್ಯಾಂಕಿನಲ್ಲಿ ಇಲ್ಲವೆ ನೆಟ್‌ವರ್ಕಿನಲ್ಲಿ ಇದೆ. ಎಷ್ಟು ಚೆಂದ ಮರುಮುದ್ರಣ ಮಾಡಿದರೂ ಅದು ಹೋಗದು.

ಮೊದಲ ಎರಡರಲ್ಲಿ ಒಂದಾಗಿದ್ದರೆ ಹಿಂದಿನಿಂದ ಮುಂದಕ್ಕೆ ಪರೀಕ್ಷಿಸುತ್ತ ಬನ್ನಿ. ಮೂಲ ಫೈಲನ್ನು ಮಾನಿಟರಿನ ಮೇಲೆ ದೊಡ್ಡದಾಗಿ ತೆರೆದು ಸ್ಕ್ಯಾನ್ ಮಾಡಿ. ಅಲ್ಲಿ ಓದಿದರೆ ಅದೇ ಫೈಲನ್ನು, ಡಬ್ಬಿಯ ಮೇಲೆ ಬರುವ ನಿಜವಾದ ಅಳತೆಯಲ್ಲಿ, ಬಿಳಿ ಎ4 ಹಾಳೆಯ ಮೇಲೆ ಲೇಸರ್ ಪ್ರಿಂಟರಿನಲ್ಲಿ ತೆಗೆದು ಸ್ಕ್ಯಾನ್ ಮಾಡಿ. ಆಮೇಲೆ ವಿನ್ಯಾಸದೊಳಗೆ ಕೂಡಿಸಿದ ಪ್ರೂಫ್. ಕೊನೆಗೆ ಲ್ಯಾಮಿನೇಶನ್, ಮಡಿಕೆ ಎಲ್ಲ ಮುಗಿದ ಸಿದ್ಧ ಮಾಲು. ಮೊದಲು ಯಾವ ಹಂತದಲ್ಲಿ ಸೋಲುತ್ತದೆಯೋ ದೋಷ ಅಲ್ಲಿದೆ. ಪರದೆಯ ಮೇಲೆ ಓದಿತೆಂಬ ಒಂದೇ ಆಧಾರದ ಮೇಲೆ ಅಚ್ಚಿಗೆ ಒಪ್ಪಿಗೆ ಕೊಡುವುದು ಎಲ್ಲಕ್ಕಿಂತ ದುಬಾರಿಯಾದ ಅಭ್ಯಾಸ. ಪರದೆಯಲ್ಲಿ ಮಸಿ ಹರಡುವುದಿಲ್ಲ, ಅಳತೆಯೂ ನಿಜವಾದದ್ದಲ್ಲ.

ಪರೀಕ್ಷೆಗೆ ಕನಿಷ್ಠ ಒಂದು ಕಡಿಮೆ ಬೆಲೆಯ ಹಳೆಯ ಆಂಡ್ರಾಯ್ಡ್ ಫೋನ್ ಇರಲಿ. ಲೆನ್ಸ್ ಒರೆಸಿಕೊಳ್ಳಿ. 10 ಸೆಂ.ಮೀ.ಗಿಂತ ಹತ್ತಿರ ಹಿಡಿದರೆ ಅನೇಕ ಫೋನ್‌ಗಳಿಗೆ ಫೋಕಸ್ ಸಿಗುವುದಿಲ್ಲ. ಸಣ್ಣ ಕೋಡ್ ಕಂಡಾಗ ಗಿರಾಕಿ ಫೋನನ್ನು ಇನ್ನೂ ಹತ್ತಿರ ಒಯ್ಯುತ್ತಾನೆ, ಚಿತ್ರ ಇನ್ನೂ ಮಸುಕಾಗುತ್ತದೆ. ದೂರ ಹಿಡಿದು ಜೂಮ್ ಮಾಡಿದಾಗ ಓದಿದರೆ ಕೋಡ್ ಕೆಟ್ಟಿಲ್ಲ, ಅಳತೆ ಸಾಲದು ಎಂದು ತಿಳಿಯಿರಿ.

ಕಡಿಮೆ ಜಾಗದಲ್ಲಿ ಹೆಚ್ಚು ಮಾಹಿತಿ

ಕೆಟ್ಟ ಕೋಡ್‌ಗಳಲ್ಲಿ ಬಹುಪಾಲು ಕೆಡುವುದು ಇಲ್ಲಿಯೇ, ಮಸಿ ಕಾಗದಕ್ಕೆ ತಾಗುವ ಮೊದಲೇ. ಕ್ಯೂಆರ್‌ಗೆ 1ರಿಂದ 40ರವರೆಗೆ ಆವೃತ್ತಿಗಳಿವೆ. 1ನೆಯದು ಬದಿಗೆ 21 ಕಪ್ಪು-ಬಿಳಿ ಚೌಕ. ಮುಂದಿನ ಪ್ರತಿ ಆವೃತ್ತಿಗೂ 4 ಚೌಕ ಹೆಚ್ಚಿ, 40ನೆಯದರಲ್ಲಿ 177 ಆಗುತ್ತದೆ. ಒಳಗೆ ಅಕ್ಷರ ಹೆಚ್ಚಾದಂತೆ ಆವೃತ್ತಿ ಏರುತ್ತದೆ, ಅಷ್ಟೇ ಜಾಗದಲ್ಲಿ ಚೌಕ ಕಿರಿದಾಗುತ್ತದೆ. ಫೋನಿಗೆ ಬೇಕಾದದ್ದು ಒಟ್ಟು ಕೋಡಿನ ಅಗಲವಲ್ಲ, ಒಂದೊಂದು ಚೌಕದ ಅಗಲ. ಕೈಯಲ್ಲಿ ಹಿಡಿದು ಓದುವ ಡಬ್ಬಿ, ಚೀಟಿ, ಪತ್ರಿಕೆಗಳಿಗೆ ಚೌಕ 0.5 ಮಿ.ಮೀ. ಇದ್ದರೆ ನಿಶ್ಚಿಂತೆ. 0.4ರ ಕೆಳಗೆ ಇಳಿದರೆ ಅಚ್ಚು, ಬೆಳಕು, ಫೋನು ಮೂರೂ ಚೆನ್ನಾಗಿರಬೇಕು, ಮೂರೂ ಒಟ್ಟಿಗೆ ಚೆನ್ನಾಗಿರುವುದು ಅಪರೂಪ.

ಲೆಕ್ಕ ಹೀಗೆ. ಲಗ್ನಪತ್ರಿಕೆಯಲ್ಲಿ ಕಲ್ಯಾಣ ಮಂಟಪದ ನಕ್ಷೆಯ ಲಿಂಕ್ ಹಾಕುತ್ತಾರೆ. ಬ್ರೌಸರಿನ ಪಟ್ಟಿಯಿಂದ ನೇರ ನಕಲು ಮಾಡಿದರೆ ಅದು ಸುಲಭವಾಗಿ 150 ಅಕ್ಷರ ದಾಟುತ್ತದೆ. ಎಂ ಮಟ್ಟದಲ್ಲಿ (ದೋಷ ತಿದ್ದುವ ಶಕ್ತಿಯ ನಾಲ್ಕು ಮಟ್ಟಗಳಲ್ಲಿ ಎರಡನೆಯದು, ವಿವರ ಮುಂದಿದೆ) 150 ಅಕ್ಷರಕ್ಕೆ 8ನೇ ಆವೃತ್ತಿ, ಅಂದರೆ 49 ಚೌಕ. ಎರಡೂ ಬದಿಯ ಬಿಳಿ ಅಂಚಿಗೆ 8 ಸೇರಿ 57. ಪತ್ರಿಕೆಯಲ್ಲಿ ಬಿಟ್ಟ ಜಾಗ 20 ಮಿ.ಮೀ. ಆದರೆ ಒಂದು ಚೌಕಕ್ಕೆ 0.35 ಮಿ.ಮೀ. ಅದೇ ನಕ್ಷೆಯ ಶೇರ್ ಗುಂಡಿ ಒತ್ತಿ ಪಡೆದ ಚಿಕ್ಕ ಲಿಂಕು 42 ಅಕ್ಷರದೊಳಗಿದ್ದರೆ 3ನೇ ಆವೃತ್ತಿ ಸಾಕು: 29 ಚೌಕ, ಅಂಚು ಸೇರಿ 37, ಚೌಕಕ್ಕೆ 0.54 ಮಿ.ಮೀ. ಜಾಗ ಅಷ್ಟೇ, ಕಾಗದ ಅದೇ, ಕೋಡ್ ಮಾತ್ರ ತಟ್ಟನೆ ಓದುತ್ತದೆ.

ಕನ್ನಡದ ಪಠ್ಯ ತುಂಬುವವರು ಇನ್ನೊಂದು ತಿಳಿದಿರಬೇಕು. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಒತ್ತು ಮತ್ತು ಸ್ವರಚಿಹ್ನೆಗಳಿಗೂ ಸಹ. "ಹುಬ್ಬಳ್ಳಿ" ಎಂಬ ಪದದಲ್ಲಿ 9 ಸಂಕೇತಗಳಿವೆ, 27 ಬೈಟ್ ಆಯಿತು. ಅದೇ ಪದ ವೆಬ್ ವಿಳಾಸದೊಳಗೆ ಶೇಕಡಾ ಚಿಹ್ನೆಗಳ ರೂಪಕ್ಕೆ ತಿರುಗಿದರೆ 81 ಅಕ್ಷರ. ಹಾಗಾಗಿ ಉದ್ದನೆಯ ಕನ್ನಡ ವಿವರಣೆಯನ್ನು ಕೋಡಿನಲ್ಲೇ ತುರುಕುವ ಬದಲು ಪುಟದಲ್ಲಿಟ್ಟು, ಚಿಕ್ಕ ಇಂಗ್ಲಿಷ್ ಅಕ್ಷರದ ವಿಳಾಸವನ್ನು ಕೋಡಿಗೆ ಕೊಡಿ.

ಇನ್ನೂ ಒಂದು ಉಳಿತಾಯವಿದೆ, ಬಳಸುವವರು ಕಡಿಮೆ. ವಿಳಾಸವೆಲ್ಲ ದೊಡ್ಡಕ್ಷರದ ಇಂಗ್ಲಿಷ್, ಅಂಕಿ, ಚುಕ್ಕಿ, ಓರೆಗೆರೆ, ಕೋಲನ್ ಇಷ್ಟರಲ್ಲೇ ಇದ್ದರೆ ಕೋಡ್ ಅದನ್ನು ಅಕ್ಷರಕ್ಕೆ 8 ಬಿಟ್ ಬದಲು 5.5 ಬಿಟ್‌ನಲ್ಲಿ ಬರೆಯುತ್ತದೆ. 2ನೇ ಆವೃತ್ತಿಯ ಎಂ ಮಟ್ಟದಲ್ಲಿ ಸಣ್ಣಕ್ಷರವಾದರೆ 26, ದೊಡ್ಡಕ್ಷರವಾದರೆ 38. ಡೊಮೇನ್ ಹೆಸರಿಗೆ ದೊಡ್ಡದು ಸಣ್ಣದು ಎಂಬ ಭೇದವಿಲ್ಲ, ಆದರೆ ಅದರ ಮುಂದಿನ ಭಾಗಕ್ಕೆ ಎಷ್ಟೋ ಸರ್ವರುಗಳಲ್ಲಿ ಭೇದವಿದೆ. ಚಿಕ್ಕ ಲಿಂಕು ಕೊಡುವ ಸೇವೆಗಳಲ್ಲಂತೂ ಅಕ್ಷರ ಬದಲಿಸಿದರೆ ಬೇರೆಯೇ ಪುಟ ತೆರೆಯಬಹುದು. ಸ್ವಂತ ಡೊಮೇನ್ ಇದ್ದವರು ಮಾತ್ರ ಇದನ್ನು ಮಾಡಿ.

ಬಿಳಿ ಅಂಚು

ಐಎಸ್ಒ/ಐಇಸಿ 18004 ಮಾನದಂಡದ ಪ್ರಕಾರ ಕೋಡಿನ ನಾಲ್ಕೂ ಬದಿಗೆ 4 ಚೌಕದಷ್ಟು ಖಾಲಿ ಜಾಗ ಇರಬೇಕು. 0.5 ಮಿ.ಮೀ. ಚೌಕವಾದರೆ 2 ಮಿ.ಮೀ. ವಿನ್ಯಾಸಗಾರರ ಕಣ್ಣಿಗೆ ಇದು ವ್ಯರ್ಥ ಜಾಗ. ಕ್ಲಿಪ್ ಮಾಡಿ ತೆಗೆದು, ಪೇಡೆ ಡಬ್ಬಿಯ ಕೆಂಪು ಹಿನ್ನೆಲೆಗೆ ಕೋಡನ್ನು ತಾಗಿಸಿ ಕೂಡಿಸುತ್ತಾರೆ. ಆಗ ಮೂಲೆಯ ಮೂರು ಕಣ್ಣುಗಳು, ಅಂದರೆ ದೊಡ್ಡ ಚೌಕದ ಗುರುತುಗಳು, ಹಿನ್ನೆಲೆಯಲ್ಲಿ ಕರಗುತ್ತವೆ. ಸ್ಕ್ಯಾನರ್ ಆ ಕಣ್ಣುಗಳನ್ನು ಗುರುತಿಸುವುದು ಕಪ್ಪು-ಬಿಳಿ-ಕಪ್ಪು-ಬಿಳಿ-ಕಪ್ಪು 1:1:3:1:1 ಅನುಪಾತದಲ್ಲಿ ಬಂದಾಗ. ಹೊರಗಿನ ಕಪ್ಪು ಗೆರೆ ಹಿನ್ನೆಲೆಗೆ ಅಂಟಿದರೆ ಅನುಪಾತ ಕೆಡುತ್ತದೆ. ಕೋಡಿನ ಸುತ್ತ ಚೌಕಟ್ಟಿನ ಗೆರೆ ಎಳೆಯುವುದು, "ಇಲ್ಲಿ ಸ್ಕ್ಯಾನ್ ಮಾಡಿ" ಎಂಬ ಅಕ್ಷರವನ್ನು ಕೆಳಗೆ ತಾಗಿಸುವುದು, ಕಟಿಂಗ್ ಗೆರೆಗೆ ಹತ್ತಿರ ಇಡುವುದು ಇವೂ ಅದೇ ದೋಷ. ಕತ್ತರಿಸುವಾಗ 1 ಮಿ.ಮೀ. ಸರಿದರೂ ಅಂಚು ಉಳಿಯುವಂತೆ ಇಡಿ.

ಪರೀಕ್ಷೆ ಸುಲಭ. ಸೋತ ಡಬ್ಬಿಯ ಕೋಡಿನ ಸುತ್ತ ಬಿಳಿ ಕಾಗದದ ನಾಲ್ಕು ಪಟ್ಟಿಗಳನ್ನು ಒತ್ತಿ ಹಿಡಿದು ಸ್ಕ್ಯಾನ್ ಮಾಡಿ. ಓದಿದರೆ ಕಾರಣ ಸಿಕ್ಕಿತು.

ಫೈಲು ಕೆಡುವ ದಾರಿ

ಕೋಡನ್ನು ಎಸ್‌ವಿಜಿ ಅಥವಾ ಪಿಡಿಎಫ್ ರೂಪದಲ್ಲಿ ಪಡೆಯಿರಿ. ಪಿಎನ್‌ಜಿ ಆದರೆ ದೊಡ್ಡ ಅಳತೆಯದು. ಕೋರೆಲ್‌ಡ್ರಾ ಮತ್ತು ಇಂಕ್‌ಸ್ಕೇಪ್ ಎರಡರಲ್ಲೂ ಕ್ಯೂಆರ್ ತಯಾರಿಸುವ ಸೌಲಭ್ಯ ಒಳಗೇ ಇದೆ, ಲೇಬಲ್ ಕೆಲಸಕ್ಕೆ ಜಿಂಟ್ ಎಂಬ ಉಚಿತ ತಂತ್ರಾಂಶವೂ ಇದೆ. ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದ ಕೋಡ್ ಒತ್ತಿ ಕುಗ್ಗಿಸಿದ ಜೆಪೆಗ್ ಆಗಿರುತ್ತದೆ. ಚೌಕಗಳ ಅಂಚಿನಲ್ಲಿ ಬೂದು ನೆರಳು ನಿಂತಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಅದೂ ಆಗದಿದ್ದರೆ ಬಂದ ಕೋಡನ್ನು ಓದಿ, ಒಳಗಿನ ಪಠ್ಯವನ್ನು ಒಂದಕ್ಷರ ಬಿಡದೆ ನಕಲು ಮಾಡಿ, ಹೊಸ ಕೋಡ್ ತಯಾರಿಸಿ. ಎರಡನ್ನೂ ಓದಿಸಿ ಪಠ್ಯ ತಾಳೆ ನೋಡಿ. ಚಿತ್ರವನ್ನು ಟ್ರೇಸ್ ಮಾಡಿ ವೆಕ್ಟರ್ ಮಾಡುವುದು ಬೇಡ, ಮೂಲೆಗಳು ದುಂಡಾಗಿ ಚೌಕಗಳು ಒಂದಕ್ಕೊಂದು ಬೆಸೆಯುತ್ತವೆ.

ಬಣ್ಣದ ವಿಷಯದಲ್ಲಿ ಆಫ್‌ಸೆಟ್‌ಗೆ ಒಂದೇ ನಿಯಮ: ಕಪ್ಪು ಮಸಿ (ಕೆ) 100, ಉಳಿದ ಮೂರು ಬಣ್ಣದ ಮಸಿಯೂ ಸೊನ್ನೆ. ಆರ್‌ಜಿಬಿ ಕಪ್ಪನ್ನು ಸಿಎಂವೈಕೆಗೆ ತಿರುಗಿಸಿದಾಗ ನಾಲ್ಕೂ ಮಸಿ ಸೇರಿದ ಕಪ್ಪು ಬರುತ್ತದೆ. ರಿಜಿಸ್ಟ್ರೇಶನ್, ಅಂದರೆ ಮಸಿಗಳು ಒಂದರ ಮೇಲೊಂದು ಕೂಡುವ ಹೊಂದಿಕೆ, ಕೂದಲೆಳೆಯಷ್ಟು ತಪ್ಪಿದರೂ ಪ್ರತಿ ಚೌಕಕ್ಕೆ ನೀಲಿ, ಗುಲಾಬಿ ಅಂಚು ಮೂಡುತ್ತದೆ. ಭೂತಗನ್ನಡಿಯಲ್ಲಿ ನೋಡಿ, ಅಂಚಿನಲ್ಲಿ ಬಣ್ಣ ಕಂಡರೆ ಪ್ಲೇಟ್ ಫೈಲನ್ನೇ ತಿದ್ದಬೇಕು. ಗದಗಿನಂಥ ಮುದ್ರಣದ ಊರಿನಲ್ಲಿ ಒಂದೇ ಕಪ್ಪಿನ ಮಹತ್ವವನ್ನು ಮಷಿನ್‌ಮನ್‌ಗೆ ಹೇಳಿಕೊಡಬೇಕಿಲ್ಲ. ತಪ್ಪುವುದು ಫೈಲು ಬೇರೆ ಊರಿನಲ್ಲಿ ತಯಾರಾಗಿ ನೇರ ಪ್ಲೇಟಿಗೆ ಹೋದಾಗ.

ಮಸಿ, ಕಾಗದ, ಹೊಳಪು

ಸ್ಕ್ಯಾನರಿಗೆ ಬೇಕಾದದ್ದು ತಿಳಿ ಹಿನ್ನೆಲೆ, ಗಾಢ ಚೌಕ. ಮರೂನ್ ಕಾರ್ಡಿನ ಮೇಲೆ ಚಿನ್ನದ ಫಾಯಿಲ್‌ನ ಕೋಡ್ ಎರಡು ಕಾರಣಕ್ಕೆ ಸೋಲುತ್ತದೆ: ಕಪ್ಪು-ಬಿಳಿ ತಿರುವುಮುರುವಾಗಿದೆ, ಮೇಲಾಗಿ ಫಾಯಿಲ್ ಒಂದು ಕೋನದಲ್ಲಿ ಬಿಳಿ, ಇನ್ನೊಂದರಲ್ಲಿ ಕಪ್ಪು ಕಾಣುತ್ತದೆ. ಲಗ್ನಪತ್ರಿಕೆಯ ಒಳಹಾಳೆಯ ಬಿಳಿ ಭಾಗದಲ್ಲಿ ಕಪ್ಪು ಮಸಿಯಲ್ಲಿ ಕೊಡಿ, ಅಂದ ಕೆಡುವುದಿಲ್ಲ. ಬಿಳಿಯ ಮೇಲೆ ಕೆಂಪು ಕೋಡನ್ನು ಫೋನ್ ಓದಬಹುದು, ಆದರೆ ಕೆಂಪು ಬೆಳಕು ಬೀರುವ ಕೌಂಟರ್ ಸ್ಕ್ಯಾನರಿಗೆ ಕೆಂಪು ಮತ್ತು ಬಿಳಿ ಎರಡೂ ಒಂದೇ. ಇದೇ ಕಾರಣಕ್ಕೆ ಫೋನಿನಲ್ಲಿ ಸರಿ, ಕೌಂಟರಿನಲ್ಲಿ ತಪ್ಪು ಎಂಬ ದೂರು ಬಂದರೆ ಮೊದಲು ಬಣ್ಣ ನೋಡಿ.

ಬ್ಯಾಡಗಿ ಮೆಣಸಿನಪುಡಿಯ ಪಾರದರ್ಶಕ ಪೌಚಿನ ಮೇಲೆ ನೇರ ಕಪ್ಪಿನಲ್ಲಿ ಹೊಡೆದ ಕೋಡಿಗೆ ಹಿನ್ನೆಲೆ ಆಗುವುದು ಒಳಗಿನ ಕಡುಗೆಂಪು ಪುಡಿ. ಫೋನಿಗೆ ಕಪ್ಪಿಗೂ ಆ ಕೆಂಪಿಗೂ ಅಂತರ ಸಾಲದು. ಪುಡಿ ಕೆಳಗಿಳಿದಾಗ ಹಿನ್ನೆಲೆಯೂ ಬದಲಾಗುತ್ತದೆ. ಕೋಡಿನ ಕೆಳಗೆ ಬಿಳಿ ಮಸಿಯ ಗಟ್ಟಿ ಪದರ ಹಾಕಿಸಬೇಕು. ಚೀಲಗಳ ಮೇಲಂತೂ ನೇರ ಅಚ್ಚು ಬೇಡ. ಗೋಣಿಯ ನೇಯ್ಗೆಯಲ್ಲಿ ಮಸಿ ಹರಡುತ್ತದೆ, ಪ್ಲಾಸ್ಟಿಕ್ ಚೀಲದ ಹೆಣಿಗೆಯ ಪಟ್ಟಿಗಳ ನಡುವೆ ಚೌಕ ಮುರಿಯುತ್ತದೆ. ಬಾಯಿ ಹೊಲಿಯುವಾಗ ಜೊತೆಗೇ ಸೇರಿಸಿ ಹೊಲಿಯುವ ಟ್ಯಾಗ್ ಬಳಸಿ. ಕೋಲ್ಡ್ ಸ್ಟೋರೇಜಿಗೆ ಹೋಗುವ ಚೀಲಕ್ಕೆ ಕಾಗದದ ಸ್ಟಿಕ್ಕರ್ ನಿಲ್ಲುವುದಿಲ್ಲ. ಹೊರಗೆ ತಂದಾಗ ಹನಿಗಟ್ಟಿ ಕಾಗದ ಉಬ್ಬುತ್ತದೆ, ಅಂಟು ಬಿಡುತ್ತದೆ.

ಹೊಳಪಿನ ಲ್ಯಾಮಿನೇಶನ್ ಮಾಡಿದ ಕೌಂಟರ್ ಸ್ಟ್ಯಾಂಡಿಗೆ ನೆತ್ತಿಯ ಮೇಲೊಂದು ಎಲ್‌ಇಡಿ ಇದ್ದರೆ ಕೋಡಿನ ನಡುವೆ ಬಿಳಿ ಕಲೆ ಬೀಳುತ್ತದೆ. ಫೋನನ್ನು ಓರೆ ಮಾಡಿದಾಗ ಓದಿದರೆ ಕಾರಣ ಅದೇ. ಮ್ಯಾಟ್ ಲ್ಯಾಮಿನೇಶನ್ ಮಾಡಿಸಿ, ಇಲ್ಲವೆ ಸ್ಟ್ಯಾಂಡನ್ನು ಬಾಗಿಸಿ ಇಡಿ.

ಥರ್ಮಲ್ ಪ್ರಿಂಟರ್

ಅತಿ ಹೆಚ್ಚು ಗೊಂದಲ ಇಲ್ಲಿದೆ, ಹಾಗಾಗಿ ತುಸು ನಿಧಾನವಾಗಿ. ಸಾಮಾನ್ಯ ಲೇಬಲ್ ಮತ್ತು ಬಿಲ್ ಪ್ರಿಂಟರ್ 203 ಡಿಪಿಐನದು, ಅಂದರೆ ಮಿ.ಮೀ.ಗೆ 8 ಚುಕ್ಕೆ. ಅರ್ಧ ಚುಕ್ಕೆ ಹೊಡೆಯಲು ಅದಕ್ಕೆ ಬರುವುದಿಲ್ಲ. 29 ಚೌಕದ ಕೋಡನ್ನು 15 ಮಿ.ಮೀ.ಗೆ ಎಳೆದರೆ 120 ಚುಕ್ಕೆಯನ್ನು 29ಕ್ಕೆ ಹಂಚಬೇಕು, ಚೌಕಕ್ಕೆ 4.14. ಪರಿಣಾಮ: ಹೆಚ್ಚಿನ ಚೌಕ 4 ಚುಕ್ಕೆ, ಕೆಲವು 5. ಬರಿಗಣ್ಣಿಗೆ ಗೊತ್ತಾಗದಿದ್ದರೂ ಸಾಲುಗಳು ಸರಿದಿರುತ್ತವೆ. 15ರ ಬದಲು 14.5 ಮಿ.ಮೀ. ಇಟ್ಟರೆ 116 ಚುಕ್ಕೆ, ಪ್ರತಿ ಚೌಕಕ್ಕೆ ಸರಿಯಾಗಿ 4. ಅಳತೆ ಚಿಕ್ಕದಾದರೂ ಓದುವುದು ಸುಲಭ. ಆದ್ದರಿಂದ ಲೇಬಲ್ ತಂತ್ರಾಂಶದಲ್ಲಿ ಚಿತ್ರ ತಂದು ಮೂಲೆ ಹಿಡಿದು ಎಳೆಯಬೇಡಿ. ಪ್ರಿಂಟರಿನ ಸ್ವಂತ ಕ್ಯೂಆರ್ ಆಜ್ಞೆಯನ್ನೇ ಬಳಸಿ, ಚೌಕಕ್ಕೆ ಎಷ್ಟು ಚುಕ್ಕೆ ಎಂಬ ಸಂಖ್ಯೆಯನ್ನು ಮಾತ್ರ ಕೊಡಿ. 4 ಒಳ್ಳೆಯ ಆರಂಭ. ಪ್ರಿಂಟ್ ಡೈಲಾಗಿನಲ್ಲಿ "ಫಿಟ್ ಟು ಪೇಜ್" ತೆಗೆದು 100% ಇಡಿ. 600 ಡಿಪಿಐ ಲೇಸರಿನಲ್ಲಿ ಈ ತಪ್ಪು ಮುಚ್ಚಿಹೋಗುತ್ತದೆ, 203ರಲ್ಲಿ ಮುಚ್ಚುವುದಿಲ್ಲ.

ಮಸುಕಾಗಿ ಬಂದರೆ ಡಾರ್ಕ್‌ನೆಸ್ ಏರಿಸುವುದು ಎಲ್ಲರ ಮೊದಲ ಕೆಲಸ. ಅತಿಯಾದರೆ ಕಪ್ಪು ಹರಡಿ ನಡುವಿನ ಬಿಳಿ ಚೌಕಗಳು ಮುಚ್ಚುತ್ತವೆ, ಕೋಡ್ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಓದುವುದಿಲ್ಲ. ಮೊದಲು ವೇಗ ಇಳಿಸಿ, ಆಮೇಲೆ ಬೇಕಿದ್ದರಷ್ಟೇ ಡಾರ್ಕ್‌ನೆಸ್ ಒಂದೊಂದೇ ಹೆಜ್ಜೆ ಏರಿಸಿ. ಲೇಬಲ್ ಸಾಗುವ ದಿಕ್ಕಿಗೆ ಉದ್ದಕ್ಕೂ ಒಂದೇ ಜಾಗದಲ್ಲಿ ಸಣ್ಣ ಬಿಳಿ ಗೆರೆ ಬರುತ್ತಿದ್ದರೆ ಹೆಡ್‌ನ ಮೇಲೆ ಧೂಳು ಅಥವಾ ಅಂಟು ಕೂತಿದೆ. ಪ್ರಿಂಟರ್ ಆರಿಸಿ, ಹೆಡ್ ತಣಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಒರೆಸಿದ ಮೇಲೂ ಗೆರೆ ಅಲ್ಲೇ ಇದ್ದರೆ ಹೆಡ್‌ನ ಆ ಬಿಂದು ಸುಟ್ಟಿದೆ. ಹೊಸ ಹೆಡ್ ಬರುವ ತನಕ ಕೋಡನ್ನು ಲೇಬಲ್ಲಿನ ಇನ್ನೊಂದು ಬದಿಗೆ ಸರಿಸಿ ಕೆಲಸ ನಡೆಸಬಹುದು. ಓರೆಯಾಗಿ ಬರುವ ಗೆರೆಗಳು ರಿಬ್ಬನ್ ಸುಕ್ಕಿನವು.

ರಿಬ್ಬನ್ ಇಲ್ಲದ ನೇರ ಥರ್ಮಲ್ ಲೇಬಲ್ ಬಿಸಿಗೆ ಕಪ್ಪಾಗುವ ಕಾಗದ. ಬೇಸಿಗೆಯಲ್ಲಿ ಬಿಸಿಲಿಗೆ ಇಟ್ಟ ಪೆಟ್ಟಿಗೆಯ ಮೇಲೆ ಅದು ಕೆಡುತ್ತದೆ, ಬಿಸಿ ಲ್ಯಾಮಿನೇಶನ್‌ಗೆ ಹಾಕಿದರೆ ಪೂರ್ತಿ ಕರಿ ಹಿಡಿಯುತ್ತದೆ. ಪೇಡೆ, ಕುಂದಾ ಡಬ್ಬಿಗಳ ಮೇಲೆ ತುಪ್ಪದ ಕೈ ತಾಗಿದಲ್ಲಿ ಅಕ್ಷರ ಮಾಯವಾಗುತ್ತದೆ. ತಿನಿಸಿನ ಡಬ್ಬಿಗೆ ಮೇಲ್ಪದರವಿರುವ ಥರ್ಮಲ್ ಲೇಬಲ್ ಇಲ್ಲವೆ ರಿಬ್ಬನ್ ಮುದ್ರಣ ಬೇಕು. ರಿಬ್ಬನ್ನೂ ಲೇಬಲ್ಲೂ ಹೊಂದಬೇಕು: ಕಾಗದಕ್ಕೆ ವ್ಯಾಕ್ಸ್ (ಮೇಣದ) ರಿಬ್ಬನ್ ಸಾಕು, ಪ್ಲಾಸ್ಟಿಕ್ ಲೇಬಲ್ಲಿಗೆ ವ್ಯಾಕ್ಸ್-ರೆಸಿನ್ ಅಥವಾ ರೆಸಿನ್. ಪ್ಲಾಸ್ಟಿಕ್ ಮೇಲೆ ಬರಿ ವ್ಯಾಕ್ಸ್ ಹೊಡೆದರೆ ಉಗುರಿನಿಂದ ಗೀಚಿದೊಡನೆ ಎದ್ದು ಬರುತ್ತದೆ, ಪರೀಕ್ಷೆಯೂ ಅದೇ.

ಜಿಎಸ್‌ಟಿ ಇ-ಇನ್‌ವಾಯ್ಸ್ ಕೋಡ್ ಬೇರೆ ಜಾತಿಯದು. ಒಳಗೆ ಡಿಜಿಟಲ್ ಸಹಿಯ ಉದ್ದನೆಯ ಪಠ್ಯವಿರುವುದರಿಂದ ಸಹಜವಾಗಿಯೇ ದಟ್ಟ. 800 ಅಕ್ಷರ ಎಂದುಕೊಂಡರೆ ಎಂ ಮಟ್ಟದಲ್ಲಿ 23ನೇ ಆವೃತ್ತಿ, 109 ಚೌಕ. ಚೌಕಕ್ಕೆ 3 ಚುಕ್ಕೆಯಾದರೂ 327 ಚುಕ್ಕೆ, ಸುಮಾರು 41 ಮಿ.ಮೀ. 58 ಮಿ.ಮೀ. ರೋಲಿನ ಪ್ರಿಂಟರಿಗೆ ಇರುವುದು 384 ಚುಕ್ಕೆ. ಅಂಚು ಸೇರಿ ಹಿಡಿಸುತ್ತದೆ, ಆದರೆ ಪಕ್ಕದಲ್ಲಿ ಏನೂ ಹಿಡಿಸದು. ಎ4 ಬಿಲ್ಲಿನ ಮೂಲೆಯಲ್ಲಿ ಅಂದಕ್ಕಾಗಿ 20 ಮಿ.ಮೀ.ಗೆ ಕುಗ್ಗಿಸಿದವರು ಇದನ್ನು ಗಮನಿಸಲಿ. ಸಾಮಾನ್ಯ ಸ್ಕ್ಯಾನರಿನಲ್ಲಿ ಅರ್ಥವಾಗದ ಅಕ್ಷರ ಬಂದರೆ ಅದು ದೋಷವಲ್ಲ, ಪರಿಶೀಲನೆಗೆ ಇ-ಇನ್‌ವಾಯ್ಸ್ ಆ್ಯಪ್ ಬೇಕು.

ಲೋಗೊ ಕೂಡಿಸಿದ ಕೋಡ್

1994ರಲ್ಲಿ ಜಪಾನಿನ ಡೆನ್ಸೊ ಈ ಕೋಡನ್ನು ರೂಪಿಸಿದ್ದು ವಾಹನದ ಬಿಡಿಭಾಗಗಳ ಲೆಕ್ಕಕ್ಕೆ. ಕಾರ್ಖಾನೆಯಲ್ಲಿ ಕೊಳೆ ಮೆತ್ತಿದರೂ ಓದಲೆಂದು ದೋಷ ತಿದ್ದುವ ಶಕ್ತಿಯನ್ನು ಒಳಗಿಟ್ಟರು: ಎಲ್ ಮಟ್ಟದಲ್ಲಿ ಸುಮಾರು 7%, ಎಂ 15%, ಕ್ಯೂ 25%, ಎಚ್ 30%. ನಡುವೆ ಲೋಗೊ ಇಟ್ಟಾಗ ಈ ಮೀಸಲನ್ನು ಮೊದಲೇ ಖರ್ಚು ಮಾಡಿದಂತೆ. ಮುಂದೆ ಗೀರು ಬಿದ್ದರೆ, ಮಡಿಕೆ ಬಂದರೆ ಉಳಿದದ್ದು ಸಾಲದು. ಲೋಗೊ ಬೇಕೇ ಬೇಕಾದರೆ ಎಚ್ ಮಟ್ಟ, ಕೋಡಿನ ವಿಸ್ತೀರ್ಣದ ಹತ್ತನೇ ಒಂದು ಭಾಗದೊಳಗೆ ಲೋಗೊ. ಮೂರು ಕಣ್ಣುಗಳನ್ನು ಮುಟ್ಟಬಾರದು, ದೋಷ ತಿದ್ದುವ ಲೆಕ್ಕ ಅವುಗಳಿಗೆ ಅನ್ವಯಿಸುವುದಿಲ್ಲ.

ಲೋಗೊ ಇಲ್ಲದ ಸಣ್ಣ ಲೇಬಲ್ಲಿಗೂ "ಭದ್ರವಾಗಿರಲಿ" ಎಂದು ಎಚ್ ಇಡುವವರಿದ್ದಾರೆ. ಅದು ತಿರುಗಿ ಬೀಳುತ್ತದೆ. 42 ಅಕ್ಷರಕ್ಕೆ ಎಂ ಮಟ್ಟದಲ್ಲಿ 29 ಚೌಕ, ಎಚ್ ಮಟ್ಟದಲ್ಲಿ 37. ಅಂಚು ಸೇರಿ 15 ಮಿ.ಮೀ. ಜಾಗದಲ್ಲಿ ಚೌಕ 0.41ರಿಂದ 0.33ಕ್ಕೆ ಇಳಿಯಿತು. ಸಣ್ಣ ಅಳತೆಗೆ ಎಂ ಮಟ್ಟವೇ ಮೇಲು.

ಫ್ಲೆಕ್ಸ್ ಮತ್ತು ಗಾಜು

ಓದುವ ದೂರದ ಹತ್ತನೇ ಒಂದು ಭಾಗ ಕೋಡಿನ ಅಗಲ ಇರಬೇಕು. 5 ಮೀಟರ್ ದೂರದಿಂದ ಓದಬೇಕಾದ ಬ್ಯಾನರಿಗೆ 50 ಸೆಂ.ಮೀ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಂಥ ಕಡೆ ಎತ್ತರದ ಹೋರ್ಡಿಂಗಿಗೆ ಕೋಡ್ ಹಾಕುವುದೇ ವ್ಯರ್ಥ, ಗಾಡಿ ಓಡಿಸುವವರು ಫೋನ್ ತೆಗೆಯಬಾರದು ಕೂಡ. ಹಿಂದಿನಿಂದ ಬೆಳಕು ಬರುವ ಬೋರ್ಡಿನಲ್ಲಿ ಹಗಲು ಓದಿ ರಾತ್ರಿ ಓದದಿದ್ದರೆ, ಕಪ್ಪಿನ ಮೂಲಕ ಬೆಳಕು ತೂರಿ ಬರುತ್ತಿದೆ ಎಂದರ್ಥ.

ಗಾಜಿನ ಬಾಗಿಲಿಗೆ ಒಳಗಿನಿಂದ ಅಂಟಿಸುವ ಸ್ಟಿಕ್ಕರಿನಲ್ಲಿ ಕೋಡ್ ಕನ್ನಡಿಯ ಬಿಂಬದಂತೆ ತಿರುಗಿ ಬರುವುದುಂಟು. ಕೆಲವು ಫೋನ್ ಅದನ್ನೂ ಓದುತ್ತವೆ, ಕೆಲವು ಓದುವುದಿಲ್ಲ. ಮೂರು ಕಣ್ಣು ಮಾತ್ರ ನೋಡಿ ಇದು ಖಚಿತವಾಗದು, ಬಿಂಬದ ಕೋಡನ್ನು ಕಾಲು ಸುತ್ತು ತಿರುಗಿಸಿದರೆ ಅವು ಅವೇ ಮೂಲೆಗಳಲ್ಲಿ ಕೂಡುತ್ತವೆ. ಮೂಲ ಫೈಲಿನ ಪಕ್ಕ ಹಿಡಿದು ಒಳಗಿನ ಚೌಕಗಳನ್ನು ತಾಳೆ ನೋಡಬೇಕು.

ಓದುತ್ತದೆ, ಆದರೆ ತಪ್ಪಾಗಿ

ಯುಪಿಐ ಕೋಡಿನಲ್ಲಿ ಐಡಿ, ಹೆಸರು, ಮೊತ್ತ, ಟಿಪ್ಪಣಿ ಇವುಗಳ ನಡುವೆ ಆಂಪರ್‌ಸ್ಯಾಂಡ್ ಚಿಹ್ನೆ ಇರುತ್ತದೆ. ಅಂಗಡಿಯ ಹೆಸರಿನಲ್ಲೇ ಆ ಚಿಹ್ನೆ ಇದ್ದರೆ ಹೆಸರು ಅರ್ಧಕ್ಕೇ ನಿಲ್ಲುತ್ತದೆ; ಅಲ್ಲಿ %26 ಎಂದೂ, ಖಾಲಿ ಜಾಗಕ್ಕೆ %20 ಎಂದೂ ಬರೆಯಬೇಕು. ಮೊತ್ತ ತುಂಬಿಯೇ ಮುದ್ರಿಸಿದ ಕೋಡನ್ನು ಕೌಂಟರಿಗೆ ಇಟ್ಟರೆ ಪ್ರತಿ ಗಿರಾಕಿಗೂ ಅದೇ ಮೊತ್ತ ಬರುತ್ತದೆ. ಹೆಸರೇ ಬೇರೆ ಬಂದರೆ ಕೋಡಿನ ಮೇಲೆ ಬೆರಳಾಡಿಸಿ ನೋಡಿ: ಹುಬ್ಬಳ್ಳಿಯ ದುರ್ಗದ ಬೈಲಿನಂಥ ಜನಜಂಗುಳಿಯ ಪೇಟೆಯಲ್ಲಿ ನಿಮ್ಮ ಸ್ಟಿಕ್ಕರಿನ ಮೇಲೆ ಇನ್ನೊಬ್ಬರು ತಮ್ಮದನ್ನು ಅಂಟಿಸಲು ಕ್ಷಣ ಸಾಕು. ಹಾಗಿದ್ದರೆ ಅದನ್ನು ಕಿತ್ತೆಸೆಯದೆ ಫೋಟೋ ತೆಗೆದು, ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೋಡ್ ಮೊದಲು ಓದುತ್ತಿತ್ತು, ಈಗ "ನಿಷ್ಕ್ರಿಯ" ಎಂಬ ಪುಟ ಬರುತ್ತಿದೆಯೆ? ಸ್ಕ್ಯಾನ್ ಮಾಡಿ ಲಿಂಕ್ ತೆರೆಯದೆ ವಿಳಾಸ ಓದಿ. ಅದು ನಿಮ್ಮ ಡೊಮೇನ್ ಅಲ್ಲದಿದ್ದರೆ ಯಾರೋ ಉಚಿತ ಡೈನಮಿಕ್ ಕೋಡ್ ಸೇವೆಯಲ್ಲಿ (ಕೋಡ್ ಮೊದಲು ಸೇವೆಯ ವಿಳಾಸಕ್ಕೆ ಹೋಗಿ, ಅಲ್ಲಿಂದ ನಿಮ್ಮ ಪುಟಕ್ಕೆ ಹೋಗುವಂಥದ್ದು) ತಯಾರಿಸಿರಬೇಕು, ಅವಧಿ ಮುಗಿದಿರಬೇಕು. ವರ್ಷಗಟ್ಟಲೆ ಉಳಿಯಬೇಕಾದ ಡಬ್ಬಿ, ನಾಮಫಲಕಗಳಿಗೆ ಆ ಸೇವೆಗಳನ್ನು ನಂಬಲೇಬಾರದು.

ಕೌಂಟರಿನ ಸ್ಕ್ಯಾನರ್ ಯಾವ ಕ್ಯೂಆರನ್ನೂ ಓದದೆ ಬಾರ್‌ಕೋಡನ್ನು ಮಾತ್ರ ಓದಿದರೆ ಅದು ಒಂದೇ ಗೆರೆಯ ಲೇಸರ್ ಸ್ಕ್ಯಾನರ್. ಕೋಡಿನ ಚಿತ್ರ ತೆಗೆದು ಓದುವ 2ಡಿ ಇಮೇಜರ್ ಕೊಳ್ಳುವುದೊಂದೇ ದಾರಿ. ಕನ್ನಡ ಪಠ್ಯ ಫೋನಿನಲ್ಲಿ ಸರಿಯಾಗಿ ಬಂದು ಕಂಪ್ಯೂಟರಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದರೆ, ಸ್ಕ್ಯಾನರ್ ಕೀಬೋರ್ಡಿನಂತೆ ಇಂಗ್ಲಿಷ್ ಅಕ್ಷರ ಮಾತ್ರ ಕುಟ್ಟುತ್ತಿದೆ. ಕೋಡಿನಲ್ಲಿ ಸಂಖ್ಯೆ ಇಟ್ಟು, ಕನ್ನಡದ ಹೆಸರನ್ನು ತಂತ್ರಾಂಶದಲ್ಲಿಡಿ.

ಮಾಲು ಅಚ್ಚಾಗಿಬಿಟ್ಟಿದ್ದರೆ

ಲಿಂಕು ನಿಮ್ಮ ಡೊಮೇನಿನದಾಗಿದ್ದು ಪುಟ ಮಾತ್ರ ಇಲ್ಲದಿದ್ದರೆ ಆ ವಿಳಾಸದಿಂದ ಸರಿಯಾದ ಪುಟಕ್ಕೆ ರೀಡೈರೆಕ್ಟ್ ಹಾಕಿ, ಡಬ್ಬಿ ಮುಟ್ಟಬೇಕಿಲ್ಲ. ಅಂಚು, ಬಣ್ಣ, ಅಳತೆಯ ದೋಷವಾದರೆ ಮೇಲೆ ಸ್ಟಿಕ್ಕರ್ ಹಚ್ಚುವುದು ಅಗ್ಗ. ಸ್ಟಿಕ್ಕರ್ ಹಳೆಯ ಕೋಡನ್ನು ಪೂರ್ತಿ ಮುಚ್ಚಬೇಕು, ಒಂದು ಕಣ್ಣು ಹೊರಗಿಣುಕಿದರೂ ಫೋನ್ ಗಲಿಬಿಲಿಗೊಳ್ಳುತ್ತದೆ. ತೆಳು ಕಾಗದವಾದರೆ ಕೆಳಗಿನ ಕಪ್ಪು ಮೇಲಿನ ಬಿಳಿಯಲ್ಲಿ ಮೂಡುತ್ತದೆ. ಹಿಂಬದಿಗೆ ಬೂದು ಅಥವಾ ಕಪ್ಪು ಪದರವಿರುವ ಬ್ಲಾಕ್‌ಔಟ್ ಲೇಬಲ್ ಕೇಳಿ ತನ್ನಿ. ಮೊದಲ ಹಾಳೆಯನ್ನು ನಿಜವಾದ ಡಬ್ಬಿಗೇ ಹಚ್ಚಿ, ಹಳೆಯ ಫೋನಿನಲ್ಲಿ ಓದಿಸಿ, ಆಮೇಲೆ ಉಳಿದವನ್ನು ಅಚ್ಚಿಗೆ ಬಿಡಿ.